ಎಂಬಿಬಿಎಸ್ ಆದಮೇಲೆ ನೇರ ಪಿಎಚ್‌ಡಿಗೆ ಹೋಗಬಹುದಾ, ಎಂಡಿ ಮಾಡಲೇಬೇಕಾ?

ಪ್ರಶ್ನೆ: ನಾನು ಎಂಬಿಬಿಎಸ್ ಎರಡನೇ ಹಂತದಲ್ಲಿದ್ದೇನೆ. ಜೊತೆಯವರೆಲ್ಲ ಮೆಡಿಸಿನ್, ರೇಡಿಯಾಲಜಿ ಅಂತಿರುವಾಗ ನನಗೆ ಮೈಕ್ರೊಬಯಾಲಜಿ ಹಿಡಿಸಿದೆ, ಅದರಲ್ಲೂ ದೇಹದ ರೋಗನಿರೋಧಕ ಶಕ್ತಿಯನ್ನು ಓದುವ ಇಮ್ಯುನಾಲಜಿ. ಈ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕೆಂದರೆ ಮೊದಲು ಎಂಡಿ ಆಗಲೇಬೇಕಾ? ಮನೆಯಲ್ಲಿ "ಡಾಕ್ಟರ್ ಓದಿ ಇಲಿ ಸಾಕೋಕೆ ಹೋಗ್ತೀಯಾ?" ಎಂದು ನಗುತ್ತಾರೆ.

ಉತ್ತರ: ಎಂಡಿ ಆಗಲೇಬೇಕೆಂದಿಲ್ಲ. ವಿಜ್ಞಾನದ ಪಿಎಚ್‌ಡಿಗೆ ದಾರಿಯಾಗುವ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಗೆ ಎಂಎಸ್ಸಿ ಆದವರ ಜೊತೆ ಎಂಬಿಬಿಎಸ್ ಆದವರೂ ಕೂರಬಹುದು. ಸಾಮಾನ್ಯ ವರ್ಗಕ್ಕೆ 55% ಅಂಕ ಇದ್ದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ದೆಹಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿ, ಈ ಮೂರರಲ್ಲೂ ಎಂಬಿಬಿಎಸ್ ಪದವಿಯ ಮೇಲೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಇಷ್ಟಿದ್ದೂ ಆ ಬಾಗಿಲು ತಟ್ಟುವ ಡಾಕ್ಟರುಗಳು ಬೆರಳೆಣಿಕೆಯಷ್ಟು. ಬಾಗಿಲು ಇದೆ ಅನ್ನುವುದೇ ಎಷ್ಟೋ ಮೆಡಿಕಲ್ ಕಾಲೇಜುಗಳಲ್ಲಿ ಯಾರೂ ಹೇಳುವುದಿಲ್ಲ.

ಎಂಡಿಗೂ ಪಿಎಚ್‌ಡಿಗೂ ಇರುವ ವ್ಯತ್ಯಾಸ ಸ್ಪಷ್ಟವಾಗದೆ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ. ನಮ್ಮ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಊರುಗಳ ಜನ ಜ್ವರ ಬಂದು ಮಲಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ರಕ್ತ ಹೀರುವ ಉಣ್ಣಿ ಹುಳುವಿನಿಂದ ಹರಡುವ ಹೊಸ ವೈರಸ್ಸನ್ನು ಗುರುತಿಸಿದರು. ಇವತ್ತು ಮಲೆನಾಡಿನ ರೋಗಿಯೊಬ್ಬರ ರಕ್ತ ಲ್ಯಾಬಿಗೆ ಬಂದರೆ ಎಂಡಿ ಮೈಕ್ರೊಬಯಾಲಜಿಸ್ಟ್ ಆರ್‌ಟಿ-ಪಿಸಿಆರ್ ಮಾಡಿಸುತ್ತಾರೆ. ಫಲಿತಾಂಶ ನಂಬಬಹುದಾ ಎಂದು ತೂಗಿ ವರದಿಗೆ ಸಹಿ ಹಾಕುತ್ತಾರೆ, ವಾರ್ಡಿಗೆ ಫೋನ್ ಮಾಡುತ್ತಾರೆ. ಆ ಸಹಿಯ ಮೇಲೆ ಒಬ್ಬರ ಚಿಕಿತ್ಸೆ ನಿಂತಿರುತ್ತದೆ, ಹಾಗಾಗಿ ಅದು ಸಣ್ಣ ಕೆಲಸವಲ್ಲ.

ಪಿಎಚ್‌ಡಿ ಮಾಡುವವರ ಪ್ರಶ್ನೆ ಬೇರೆ. ಈ ಕಾಯಿಲೆಗೆ ವರ್ಷಗಟ್ಟಲೆ ಕೊಟ್ಟ ಹಳೆಯ ಲಸಿಕೆ ಹಾಕಿಸಿಕೊಂಡವರಲ್ಲೂ ಕೆಲವರಿಗೆ ಕಾಯಿಲೆ ಬರುತ್ತಿತ್ತು. ಮತ್ತೆ ಮತ್ತೆ ಬೂಸ್ಟರ್ ಕೊಡಬೇಕಾಗುತ್ತಿತ್ತು. ಯಾಕೆ? ಪ್ರತಿಕಾಯಗಳೇ ಸರಿಯಾಗಿ ಹುಟ್ಟಲಿಲ್ಲವೋ, ಹುಟ್ಟಿ ಬೇಗ ಕರಗಿದವೋ, ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣಗಳಾದ ಟಿ-ಕೋಶಗಳು ಎಚ್ಚರಗೊಳ್ಳಲೇ ಇಲ್ಲವೋ? ಇದಕ್ಕೆ ಪುಸ್ತಕದಲ್ಲಿ ಸಿದ್ಧ ಉತ್ತರ ಇಲ್ಲ. ಇಂಥ ಒಂದೇ ಪ್ರಶ್ನೆಯ ಬೆನ್ನು ಬಿದ್ದು ನಾಲ್ಕೈದು ವರ್ಷ ಕಳೆಯುವುದೇ ಪಿಎಚ್‌ಡಿ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ.

ಎಂಡಿಯಲ್ಲೂ ಥೀಸಿಸ್ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ನನ್ನದು ಮೂತ್ರದ ಸೋಂಕಿನ ಬ್ಯಾಕ್ಟೀರಿಯಾ ಯಾವ ಆಂಟಿಬಯಾಟಿಕ್‌ಗೆ ಬಗ್ಗುತ್ತವೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಲೆಕ್ಕ. ಡ್ಯೂಟಿಯ ನಡುವೆ ಮಾದರಿ ಎಣಿಸಿ, ಕೋಷ್ಟಕ ತುಂಬಿಸಿ, ಕೊನೆಯ ವಾರ ರಾತ್ರಿ ಕೂತು ಬೈಂಡಿಂಗಿಗೆ ಕೊಟ್ಟೆ. ಆಸ್ಪತ್ರೆಗೆ ಉಪಯೋಗವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಊಹೆ ಕಟ್ಟಿ, ಅದನ್ನು ಮುರಿಯುವಂಥ ಪ್ರಯೋಗ ಹೂಡಿ, ಪ್ರಯೋಗ ಕೈಕೊಟ್ಟಾಗ ತಪ್ಪು ಊಹೆಯದೋ ಕೈಯದೋ ಎಂದು ಹುಡುಕುವುದನ್ನು ಅದು ನನಗೆ ಕಲಿಸಲಿಲ್ಲ.

ವೈದ್ಯರೊಬ್ಬರು ಪಿಎಚ್‌ಡಿಗೆ ಹೋದರೆ ಏನಾಗಬಹುದು ಎಂಬುದಕ್ಕೆ ನನಗೆ ಇಷ್ಟವಾದ ಕಥೆ ರೋಲ್ಫ್ ಜಿಂಕರ್‌ನಾಗೆಲ್ ಅವರದು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದಿದವರು 1973ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾಗೆ ಬಂದರು. ಅಲ್ಲಿ ಜಾಗದ ಕೊರತೆಯಿಂದ ಪೀಟರ್ ಡೊಹರ್ಟಿ ಎಂಬ ಪಶುವೈದ್ಯರ ಜೊತೆ ಒಂದೇ ಲ್ಯಾಬ್ ಹಂಚಿಕೊಳ್ಳಬೇಕಾಯಿತು. ಇಬ್ಬರೂ ಇಲಿಗಳಿಗೆ ಮೆದುಳಿನ ಪೊರೆಯ ಉರಿಯೂತ ತರುವ ವೈರಸ್ ಸೋಂಕಿಸಿ, ಅವುಗಳ ಟಿ-ಕೋಶಗಳು ಸೋಂಕಿತ ಕೋಶಗಳನ್ನು ಕೊಲ್ಲುವುದನ್ನು ನೋಡುತ್ತಿದ್ದರು. ವಿಚಿತ್ರವೆಂದರೆ, ಬೇರೆ ತಳಿಯ ಇಲಿಯ ಕೋಶಗಳಲ್ಲಿ ಅದೇ ವೈರಸ್ ಇದ್ದರೂ ಈ ಟಿ-ಕೋಶಗಳು ಮುಟ್ಟುತ್ತಿರಲಿಲ್ಲ. ಟಿ-ಕೋಶ ವೈರಸ್ಸನ್ನಷ್ಟೇ ಗುರುತಿಸುವುದಿಲ್ಲ, ಕೋಶದ ಮೇಲಿರುವ, 'ನಮ್ಮವರು' ಎಂದು ತೋರಿಸುವ ಎಂಎಚ್‌ಸಿ ಎಂಬ ಗುರುತನ್ನೂ ಅದರ ಜೊತೆಯಲ್ಲೇ ನೋಡುತ್ತದೆ ಎಂಬುದು ಹೀಗೆ ತಿಳಿಯಿತು. 1974ರಲ್ಲಿ ಪ್ರಬಂಧ ಬಂತು, 1975ರಲ್ಲಿ ಪಿಎಚ್‌ಡಿ ಸಿಕ್ಕಿತು, 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಲಿ ಸಾಕುವ ವಿಷಯಕ್ಕೆ ಮನೆಯವರು ಮತ್ತೆ ನಕ್ಕರೆ ಈ ಕಥೆ ಹೇಳಿ.

ಹತ್ತಿರದ ಉದಾಹರಣೆ ಬೇಕೆಂದರೆ ಗಗನ್‌ದೀಪ್ ಕಾಂಗ್ ಇದ್ದಾರೆ. ವೆಲ್ಲೂರಿನ ಸಿಎಂಸಿಯಲ್ಲಿ ಎಂಬಿಬಿಎಸ್, ಅಲ್ಲೇ ಮೈಕ್ರೊಬಯಾಲಜಿ ಎಂಡಿ, 1998ರಲ್ಲಿ ಪಿಎಚ್‌ಡಿ. ಮಕ್ಕಳ ಭೇದಿಗೆ ಕಾರಣವಾಗುವ ರೋಟಾವೈರಸ್ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಅವರನ್ನು 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಆಗಿ ಆರಿಸಿತು. ಜಿಂಕರ್‌ನಾಗೆಲ್ ನಮ್ಮ ಎಂಡಿಯಂಥ ತಜ್ಞ ಪದವಿ ಇಲ್ಲದೆ ಹೋದರು, ಕಾಂಗ್ ಎಂಡಿ ಮಾಡಿಕೊಂಡು ಹೋದರು. ಎರಡೂ ದಾರಿ ನಡೆಯುತ್ತವೆ.

ನನ್ನ ಸಲಹೆ ಇಷ್ಟು. ಆಸ್ಪತ್ರೆಯ ಲ್ಯಾಬ್, ಸೋಂಕು ನಿಯಂತ್ರಣ, ಮೆಡಿಕಲ್ ಕಾಲೇಜಿನ ಪಾಠ ಬಿಡಲಾರೆ ಎನ್ನುವುದಾದರೆ ಎಂಡಿ ಮೊದಲು. ಅಲ್ಲಿನ ಹುದ್ದೆಗಳು ನೋಡುವುದು ಮುಖ್ಯವಾಗಿ ಆ ಪದವಿಯನ್ನೇ. ಸೀಟು ಸಿಗುವುದೂ ಕಷ್ಟವಲ್ಲ. 2023ರಲ್ಲಿ ಖಾಲಿ ಪಿಜಿ ಸೀಟು ತುಂಬಲು ನೀಟ್-ಪಿಜಿ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದ್ದು ನೆನಪಿರಬಹುದು. ಹಾಗೆ ಉಳಿಯುವ ಸೀಟುಗಳಲ್ಲಿ ನಮ್ಮ ಮೈಕ್ರೊಬಯಾಲಜಿಯವೂ ಇರುತ್ತವೆ. ಬೇಸರದ ಸಂಗತಿ, ಆದರೆ ಇಷ್ಟಪಟ್ಟು ಬರುವವರಿಗೆ ಅನುಕೂಲವೇ.

ಇಮ್ಯುನಾಲಜಿಯೇ ಬೇಕು, ಕೋಶಗಳ ಒಳಗೆ ಏನು ನಡೆಯುತ್ತದೆ ಎಂಬುದೇ ಬೇಕು ಎನ್ನುವುದಾದರೆ ನೇರ ಪಿಎಚ್‌ಡಿಗೆ ಹೋಗಿ. ಇಲ್ಲೊಂದು ಗೊಂದಲ ಬಹಳ ಜನರಿಗಿದೆ. ಡಿಎಂ ಕ್ಲಿನಿಕಲ್ ಇಮ್ಯುನಾಲಜಿ ಎಂಬ ಕೋರ್ಸಿದೆಯಲ್ಲ, ಅದು ಬೇರೆ. ಮೆಡಿಸಿನ್‌ನಂಥ ವಿಷಯದಲ್ಲಿ ಎಂಡಿ ಆದಮೇಲೆ ಸೇರುವ ಆ ಕೋರ್ಸಿನಲ್ಲಿ ಸಂಧಿವಾತ, ಲೂಪಸ್ ರೋಗಿಗಳನ್ನು ನೋಡುವುದು ಕಲಿಯುತ್ತೀರಿ. ಲ್ಯಾಬಿನ ಇಮ್ಯುನಾಲಜಿಗೆ ಎಂಡಿ ಮಾಡಿದರೂ ಮುಕ್ಕಾಲು ಪಾಲು ಹೊಸದಾಗಿಯೇ ಕಲಿಯಬೇಕು.

ನೇರ ಹೋಗುವವರಿಗೆ ಅಡ್ಡ ಬರುವುದು ಎರಡು. ಒಂದು, ನೆಟ್‌ನ ಲೈಫ್ ಸೈನ್ಸಸ್ ಪಠ್ಯ. ಅದರಲ್ಲಿ ಸಸ್ಯಗಳ ಶರೀರಕ್ರಿಯೆ, ಪರಿಸರ ವಿಜ್ಞಾನ, ವಿಕಾಸವಾದ ಎಲ್ಲ ಇವೆ. ಪಿಯುಸಿ ಬಯಾಲಜಿ ಪುಸ್ತಕ ಮತ್ತೆ ತೆರೆಯಬೇಕಾಗುತ್ತದೆ. ಎರಡನೆಯದು ದುಡ್ಡು. ನೆಟ್ ಮೂಲಕ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಇದು 2023ರ ಜನವರಿಯಿಂದ ಬಂದ ದರ. ಒಬ್ಬರಿಗೆ ಸಾಕು. ಆದರೆ ಜೊತೆಯವರು ಕಾರು ಕೊಳ್ಳುವಾಗ ನೀವು ಪಿಪೆಟ್ ಹಿಡಿದು ಕೂತಿರುತ್ತೀರಿ. ಶಿಕ್ಷಣ ಸಾಲ ಮಾಡಿ ಓದಿದವರು ಕಂತಿನ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ಎರಡನ್ನೂ ಒಟ್ಟಿಗೆ ಕಲಿಸುವ ಪದ್ಧತಿ ಅಮೆರಿಕದಲ್ಲಿ ಹಳೆಯದು. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1964ರಲ್ಲೇ ಎಂಡಿ-ಪಿಎಚ್‌ಡಿ (ಅಲ್ಲಿ ಎಂಡಿ ಎಂದರೆ ನಮ್ಮ ಎಂಬಿಬಿಎಸ್‌ನಂಥ ಮೊದಲ ವೈದ್ಯಕೀಯ ಪದವಿ) ತರಬೇತಿಗೆ ಹಣ ಕೊಡಲು ಶುರು ಮಾಡಿತು. ಏಳೆಂಟು ವರ್ಷ ಹಿಡಿಯುತ್ತದೆ, ಶುಲ್ಕವಿಲ್ಲ. ಆದರೆ ಆ ಹಣ ಅಲ್ಲಿನ ಪೌರರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ತನ್ನ ಆವರಣದಲ್ಲೇ 800 ಹಾಸಿಗೆಯ ಆಸ್ಪತ್ರೆ ಕಟ್ಟಿ ಎಂಡಿ-ಪಿಎಚ್‌ಡಿ ಜೋಡಿ ಪದವಿ ಕೊಡುವ ಯೋಜನೆ ಪ್ರಕಟಿಸಿತು. ನಿಮ್ಮ ವಯಸ್ಸಿನವರು ಅದರ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಯಾವ ದಾರಿಯಾದರೂ ಇಂಟರ್ನ್‌ಶಿಪ್ ಮುಗಿಸಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡೇ ಹೊರಡಿ. ನಾಳೆ ಲ್ಯಾಬ್ ಒಗ್ಗದಿದ್ದರೆ ವಾಪಸು ಬರಲು ಅದೇ ಆಧಾರ.

ಒಗ್ಗುತ್ತದೋ ಇಲ್ಲವೋ ಎಂದು ಈಗಲೇ ನೋಡಬಹುದು. ಐಸಿಎಂಆರ್‌ನ ಎಸ್‌ಟಿಎಸ್ ಯೋಜನೆ ಇರುವುದೇ ನಿಮ್ಮಂಥ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ. ನಿಮ್ಮದೇ ಕಾಲೇಜಿನ ಗೈಡ್ ಜೊತೆ ಎರಡು ತಿಂಗಳ ಸಣ್ಣ ಸಂಶೋಧನೆ, ವರದಿ ಒಪ್ಪಿಗೆಯಾದರೆ ಸ್ಟೈಪೆಂಡ್. ಗೈಡ್ ಹುಡುಕುವಾಗ ಹಿರಿತನಕ್ಕಿಂತ ಸಮಯ ಕೊಡುತ್ತಾರಾ ಎಂದು ನೋಡಿ. ಇದನ್ನು ಅವರ ಬಳಿ ಕೇಳಬೇಡಿ, ಅವರ ಕೈಕೆಳಗೆ ಓದುವ ಪಿಜಿ ವಿದ್ಯಾರ್ಥಿಗಳನ್ನು ಕೇಳಿ.

ಸಂಶೋಧನಾ ಸಂಸ್ಥೆಯ ಲ್ಯಾಬಿಗೂ ರಜೆಯಲ್ಲಿ ಬರಲೇ ಎಂದು ಪತ್ರ ಬರೆಯಬಹುದು. "ರೆಸ್ಪೆಕ್ಟೆಡ್ ಸರ್/ಮೇಡಂ" ಎಂದು ಐವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಒಬ್ಬರೂ ಉತ್ತರಿಸುವುದಿಲ್ಲ. ಅವರ ಒಂದು ಪೇಪರ್ ಓದಿ, ಅರ್ಥವಾಗದ ಒಂದು ಚಿತ್ರದ ಬಗ್ಗೆ ಒಂದೇ ಪ್ರಶ್ನೆ ಕೇಳಿ ಬರೆಯಿರಿ. ಅಂಥ ಪತ್ರಗಳಿಗೆ ಉತ್ತರ ಬರುವುದನ್ನು ನಾನು ನೋಡಿದ್ದೇನೆ, ಕೆಲವೊಮ್ಮೆ ಅದೇ ರಾತ್ರಿ.