ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತರೆ: ಜೋಡಿಸಿದ ಕಂಪ್ಯೂಟರಿನ ದೋಷ ಹುಡುಕಿದ ಟಿಪ್ಪಣಿ

ಮೂರು ದಿನ ಸತಾಯಿಸಿದ ಮೇಲೆ ನಿನ್ನೆ ರಾತ್ರಿ ನನ್ನ ಕಂಪ್ಯೂಟರ್ ಮೊದಲ ಸಲ ಬಯಾಸ್ (ಹತ್ತಿದಾಗ ಎಲ್ಲಕ್ಕಿಂತ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಪರದೆ ತೋರಿಸಿತು. ಎಲ್ಲಿ ಎಡವಿದೆ ಎಂಬುದು ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ. ಬಿಡಿಭಾಗ ಕೂರಿಸುವುದು ನಿಮಗೆ ಗೊತ್ತಿರುತ್ತದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ನನ್ನದು ರೈಜೆನ್ 5 5600 ಪ್ರೊಸೆಸರ್, ಬಿ550 ಚಿಪ್‌ಸೆಟ್‌ನ ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್, 550 ವಾಟ್‌ನ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ). ಗುಂಡಿ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಮತ್ತೆ ಒತ್ತಿದರೆ ಏನೂ ಇಲ್ಲ. ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆರಿಸಿ, ಸ್ವಲ್ಪ ಕಾದು, ಹಾಕಿದರೆ ಮಾತ್ರ ಇನ್ನೊಮ್ಮೆ ಅದೇ ಅರ್ಧ ಸುತ್ತು. ಮೊದಲ ಎರಡು ದಿನ ರ‍್ಯಾಮ್ ಬದಲಿಸುವುದರಲ್ಲೇ ಕಳೆದೆ. ಫ್ಯಾನ್ ತಿರುಗಿತಲ್ಲ, ಕರೆಂಟ್ ಸರಿಯಾಗಿಯೇ ಇದೆ ಎಂದು ನಂಬಿಬಿಟ್ಟಿದ್ದೆ. ತಪ್ಪಿದ್ದು ಅಲ್ಲೇ.

ಕೈಕೊಡುವ ರೀತಿಯೇ ಸುಳಿವು

ಗುಂಡಿ ಒತ್ತಿದಾಗ ಮದರ್‌ಬೋರ್ಡ್ 24 ಪಿನ್ನಿನ ಮುಖ್ಯ ಪವರ್ ಕನೆಕ್ಟರಿನಲ್ಲಿರುವ 16ನೇ ಪಿನ್ ಮೂಲಕ ಎಸ್‌ಎಂಪಿಎಸ್‌ಗೆ ‘ಶುರುಮಾಡು’ ಎನ್ನುತ್ತದೆ. ಹಳೆಯ ಬಣ್ಣದ ಕ್ರಮದಲ್ಲಿ ಅದು ಹಸಿರು ತಂತಿ. 12, 5 ಮತ್ತು 3.3 ವೋಲ್ಟ್‌ಗಳು ಸ್ಥಿರವಾದ ಮೇಲೆ ಎಸ್‌ಎಂಪಿಎಸ್ ಬೂದು ತಂತಿಯಲ್ಲಿ ‘ಎಲ್ಲ ಸರಿಯಿದೆ’ ಎಂಬ ಸಂಕೇತ ಕೊಡುತ್ತದೆ. ಪ್ರೊಸೆಸರ್ ಕೆಲಸ ಆರಂಭಿಸುವುದು ಆಮೇಲೆ. ಫ್ಯಾನ್ ಇದಕ್ಕೆಲ್ಲ ಕಾಯುವುದಿಲ್ಲ, 12 ವೋಲ್ಟ್ ತಾಗಿದೊಡನೆ ತಿರುಗುತ್ತದೆ.

ಹಾಗಾಗಿ ಅರ್ಧ ಸುತ್ತು ತಿರುಗಿ, ಹಿಂದಿನ ಸ್ವಿಚ್ ಆರಿಸಿ ಹಾಕುವವರೆಗೆ ಮುಷ್ಕರ ಹೂಡಿದರೆ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿದೆ ಎಂಬ ಅನುಮಾನ ಮೊದಲು ಬರಬೇಕು. ತಾನಾಗಿಯೇ ಕೆಲವು ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿದ್ದರೆ ರ‍್ಯಾಮ್ ನೋಡಿ, ಇಲ್ಲವೇ ಪ್ರೊಸೆಸರಿಗೆ ಹೋಗುವ 8 ಪಿನ್ನಿನ ಕೇಬಲ್ ನೋಡಿ. ಫ್ಯಾನ್ ನಿಲ್ಲದೆ ತಿರುಗಿ ಡಿಸ್‌ಪ್ಲೇ ಮಾತ್ರ ಬರದಿದ್ದರೆ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಬಯಾಸ್ ಕಡೆಗೆ ತಿರುಗಿ.

ಮೇಜಿನ ಮೇಲೆ, ಸ್ಕ್ರೂಡ್ರೈವರ್ ತುದಿಯಲ್ಲಿ

ನಮ್ಮ ಬೀದಿಯ ರಿಪೇರಿ ಅಂಗಡಿಯವರನ್ನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: “ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ನೋಡಿ ಸರ್.” ಹೊರಗೆ ತೆಗೆದರೆ ಪವರ್ ಗುಂಡಿ ಎಲ್ಲಿ? ಆ ಗುಂಡಿಯ ತಂತಿ ಬೋರ್ಡಿಗೆ ಸೇರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಒಟ್ಟಿಗೆ ಮುಟ್ಟಿಸಬೇಕಂತೆ. ಶಾರ್ಟ್ ಹುಡುಕಲು ಹೊರಟವನು ನಾನೇ ಶಾರ್ಟ್ ಮಾಡುವುದೇ ಎಂದು ಹೆದರಿ ಒಂದು ಸಂಜೆ ಪೂರ್ತಿ ಸುಮ್ಮನೆ ಕುಳಿತೆ.

ಹೆದರಬೇಕಿಲ್ಲ ಏಕೆಂದರೆ ಕ್ಯಾಬಿನೆಟ್‌ನ ಗುಂಡಿ ಮಾಡುವುದೂ ಅದನ್ನೇ. ಅದರೊಳಗೆ ಎರಡು ಲೋಹದ ತುಣುಕುಗಳು ಒಂದು ಕ್ಷಣ ತಾಗಿ ಬಿಡುತ್ತವೆ, ಅಷ್ಟೇ. ಆ ಪಿನ್ನುಗಳಲ್ಲಿ ಫ್ಯಾನ್ ತಿರುಗಿಸುವ 12 ವೋಲ್ಟ್ ಇಲ್ಲ, ಒಂದು ಸಣ್ಣ ಸಂಕೇತ ಮಾತ್ರ ಇದೆ. ಯಾವ ಪಿನ್ ಎಡ, ಯಾವುದು ಬಲ ಎಂಬ ಭೇದವೂ ಇಲ್ಲ. ಹೆಚ್ಚಿನ ಬೋರ್ಡುಗಳಲ್ಲಿ ಅವು ಕ್ಯಾಬಿನೆಟ್ಟಿನ ಗುಂಡಿ, ದೀಪಗಳ ತಂತಿ ಸೇರುವ ಪಿನ್ ಗುಂಪಿನ (24 ಪಿನ್ನಿನ ಕನೆಕ್ಟರಿನದಲ್ಲ) 6 ಮತ್ತು 8ನೇ ಪಿನ್. ಆದರೂ ನಿಮ್ಮ ಬೋರ್ಡಿನ ಕೈಪಿಡಿಯ ಚಿತ್ರ ನೋಡಿಯೇ ಮುಟ್ಟಿಸಿ. ಬೇರೆ ಪಿನ್ನುಗಳಿಗೆ ಈ ಧೈರ್ಯ ಸಲ್ಲದು. ಒಂದು ಸೆಕೆಂಡು ತಾಗಿಸಿ ತೆಗೆಯಬೇಕು. ನಾಲ್ಕೈದು ಸೆಕೆಂಡು ಹಿಡಿದರೆ ಅದು ಆರಿಸುವ ಆದೇಶವಾಗುತ್ತದೆ.

ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟೆ. ಬೋರ್ಡ್ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಇಡಬೇಡಿ, ಅದರ ಹೊರಮೈ ವಿದ್ಯುತ್ತನ್ನು ತಕ್ಕಮಟ್ಟಿಗೆ ಹರಿಯಗೊಡುತ್ತದೆ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, 24 ಮತ್ತು 8 ಪಿನ್ನಿನ ಎರಡು ಪವರ್ ಕೇಬಲ್, ಇಷ್ಟೇ ಜೋಡಿಸಿದ್ದು. ಪಿನ್ ತಾಗಿಸಿದೆ. ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು! ಬೋರ್ಡಿನ ಅಂಚಿನಲ್ಲಿ ಸಿಪಿಯು ದೀಪ ಹತ್ತಿ ಆರಿತು, ಡಿರ‍್ಯಾಮ್ ದೀಪ ಹತ್ತಿ ಆರಿತು, ವಿಜಿಎ (ಗ್ರಾಫಿಕ್ಸ್) ದೀಪ ಹತ್ತಿ, ಆರದೆ ನಿಂತಿತು. ಗ್ರಾಫಿಕ್ಸ್ ಕಾರ್ಡ್ ಹಾಕಿರಲಿಲ್ಲವಾದ್ದರಿಂದ ಅದು ನಿಲ್ಲಬೇಕಾದದ್ದೂ ಅಲ್ಲಿಯೇ. ಕಾರ್ಡ್ ಹಾಕಿದೆ, ಪರದೆ ಬಂತು.

ಅಂದರೆ ಭಾಗಗಳೆಲ್ಲ ಗಟ್ಟಿಯಾಗಿವೆ, ದೋಷ ಕ್ಯಾಬಿನೆಟ್‌ನಲ್ಲಿದೆ. ಟಾರ್ಚ್ ಹಿಡಿದು ನೋಡಿದರೆ, ಬೋರ್ಡ್ ಕೂರುವ ತಟ್ಟೆಯ ಮೇಲೆ, ಬೋರ್ಡನ್ನು ಲೋಹಕ್ಕೆ ತಾಗದಂತೆ ಎತ್ತಿ ಹಿಡಿದು ಸ್ಕ್ರೂ ಹಾಕಲು ಇರುವ ಒಂದು ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಬೋರ್ಡಿನಲ್ಲಿ ತೂತೇ ಇಲ್ಲದ ಜಾಗದಲ್ಲಿ ನಿಂತಿತ್ತು. ಇದಕ್ಕಿಂತ ಚಿಕ್ಕದಾದ ಮೈಕ್ರೋ ಎಟಿಎಕ್ಸ್ ಬೋರ್ಡಿಗೆಂದು ಮೊದಲೇ ಕೂರಿಸಿದ್ದು ಅದು. ಬೋರ್ಡಿನ ಹಿಂಬದಿಯ ಬೆಸುಗೆಗೆ ತಾಗಿ, ಹೊಳೆಯುವ ಸಣ್ಣ ಗೀರು ಮೂಡಿತ್ತು.

ಇದನ್ನು ಮೊದಲೇ ತಡೆಯುವ ಉಪಾಯ: ಬೋರ್ಡನ್ನು ಒಂದು ಹಾಳೆಯ ಮೇಲಿಟ್ಟು ಪ್ರತಿ ತೂತಿನೊಳಗೂ ಪೆನ್ಸಿಲಿನಿಂದ ಗುರುತು ಮಾಡಿ. ಬೋರ್ಡನ್ನು ಎತ್ತಿ, ಹಾಳೆಯನ್ನು ಮಗುಚದೆ ಹಾಗೆಯೇ ಕ್ಯಾಬಿನೆಟ್‌ನ ತಟ್ಟೆಯ ಮೇಲೆ ಹಾಸಿ ಬೆರಳಿನಿಂದ ಒತ್ತಿ. ಗುರುತಿಲ್ಲದ ಕಡೆ ಗುಬುಟು ತಾಗಿದರೆ ಆ ಸ್ಟ್ಯಾಂಡ್‌ಆಫ್ ಬಿಚ್ಚಿ. ಎರಡು ನಿಮಿಷದ ಕೆಲಸ.

ಉಳಿದ ಚೂರುಪಾರು

5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಎಚ್‌ಡಿಎಂಐ ಕೇಬಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಬೇಕು. ನಾಲ್ಕು ಸ್ಲಾಟ್ ಇದ್ದರೆ ಎರಡು ರ‍್ಯಾಮ್ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯದಕ್ಕೆ. ಡಿಡಿಆರ್5 ಬಗೆಯ ರ‍್ಯಾಮ್ ಇರುವವರು ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯನ್ನು ಸಹಿಸಿಕೊಳ್ಳಿ. ರ‍್ಯಾಮ್ ತಾಳೆ ಹಾಕುವ ಕೆಲಸ ಒಳಗೆ ನಡೆಯುತ್ತಿರುತ್ತದೆ, ನಡುವೆ ಆರಿಸಬೇಡಿ. ಎಸ್‌ಎಂಪಿಎಸ್ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.