ಪದ ಪರಿಚಯ: ಪರವಾನಗಿ ಶಿಸ್ತುಕ್ರಮ

ಪುಣೆಯ ಮೋಶಿ, ವಾಕಡ, ಹಿಂಜವಡಿ ಕಡೆಗಳಲ್ಲಿ ರೇತಿ (ಮರಳು), ಖಡಿ (ಜಲ್ಲಿಕಲ್ಲು), ಇಟ್ಟಿಗೆ, ಸಿಮೆಂಟು ಪೂರೈಸುವ ವ್ಯಾಪಾರಿಗಳಲ್ಲಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಂದ ಬಂದು ನೆಲೆಸಿದವರೂ ಇದ್ದಾರೆ. ಕಟ್ಟಡದ ಗುತ್ತಿಗೆದಾರನಿಂದ ಬರಬೇಕಾದ ಹಣ ಆರು ತಿಂಗಳಾದರೂ ಕೈಸೇರದೆ, ಆತ ಫೋನನ್ನೂ ಎತ್ತದಂತಾದಾಗ ಇವರ ಬಾಯಿಂದ ಹೊರಡುವ ಮಾತು ಹೆಚ್ಚುಕಡಿಮೆ ಒಂದೇ: "ಅವನ ಲೈಸೆನ್ಸ್ ರದ್ದ ಮಾಡಸ್ತೀನಿ." ಇಂಥ ಒಂದು ಅಂಗಡಿಯ ಲೆಕ್ಕ ಬರೆಯುವ ಕೆಲಸ ನನ್ನದಾದ್ದರಿಂದ ಈ ಮಾತನ್ನು ಹಲವು ಸಲ ಕೇಳಿದ್ದೇನೆ, ಅದರ ಹಿಂದಿನ ಸಂಕಟವೂ ನನಗೆ ತಿಳಿದದ್ದೇ. ಆದರೆ ಆ ಮಾತು ಸೂಚಿಸುವ ಕ್ರಮಕ್ಕೆ ಖಚಿತವಾದ ಅರ್ಥವೊಂದಿದೆ. ಅದನ್ನು ಅರಿಯದೆ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಿರುವಾಗಲೇ, ವಸೂಲಿಗೆ ದಾವೆ ಹೂಡಲು ಕಾನೂನು ಕೊಟ್ಟಿರುವ ಮೂರು ವರ್ಷಗಳ ಅವಧಿ ಕರಗಿಹೋಗುತ್ತದೆ.

ಪರವಾನಗಿ ಶಿಸ್ತುಕ್ರಮವೆಂದರೆ, ಪರವಾನಗಿ ಕೊಟ್ಟ ಸಂಸ್ಥೆಯೇ ಅದನ್ನು ಪಡೆದವನ ವೃತ್ತಿ ನಡತೆಯನ್ನು ವಿಚಾರಣೆಗೆ ಒಳಪಡಿಸಿ, ತಪ್ಪು ಸಾಬೀತಾದಾಗ ಎಚ್ಚರಿಕೆ, ದಂಡ, ಅಮಾನತು ಅಥವಾ ರದ್ದತಿಯ ಆದೇಶ ಹೊರಡಿಸುವುದು. ವಕೀಲರ ವಿಷಯದಲ್ಲಿ ಬಾರ್ ಕೌನ್ಸಿಲ್ ಮಾಡುವುದು ಇದನ್ನೇ. ಇಲ್ಲಿ ನಿರ್ಧಾರವಾಗುವುದು ಈ ಮನುಷ್ಯ ಈ ವೃತ್ತಿಯಲ್ಲಿ ಮುಂದುವರಿಯಲು ತಕ್ಕವನೇ ಎಂಬುದು. ಯಾರಿಗೆ ಎಷ್ಟು ಹಣ ಸಲ್ಲಬೇಕೆಂಬುದು ನ್ಯಾಯಾಲಯದ ಅಥವಾ ಪಂಚಾಯ್ತಿದಾರರ ಕೆಲಸ. ಶಿಸ್ತುಕ್ರಮದ ಭಯದಿಂದ ಹಣ ಹೊರಬರಬಹುದು, ಆದರೆ ಹಣ ಕೊಡಿಸುವುದು ಅದರ ಉದ್ದೇಶವಲ್ಲ.

ಮಹಾರಾಷ್ಟ್ರದಲ್ಲಿ ಬಾಳುವ ಕನ್ನಡಿಗರಿಗೆ ಈ ಪದದಲ್ಲೇ ಒಂದು ತೊಡಕಿದೆ. ಪಾರಸಿಯಿಂದ ಬಂದ ಈ ಶಬ್ದಮೂಲದಿಂದ ಮರಾಠಿ ಎರಡು ಪದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡಿದೆ: 'ಪರವಾನಾ' ಎಂದರೆ ಲೈಸೆನ್ಸು, 'ಪರವಾನಗಿ' ಎಂದರೆ ಬರಿಯ ಅನುಮತಿ. ನಾವು ಎರಡಕ್ಕೂ 'ಪರವಾನಗಿ' ಎನ್ನುತ್ತೇವೆ. ಇವುಗಳ ಜೊತೆಗೆ 'ನೋಂದಣಿ' ಇದೆ, ಅದು ಎರಡೂ ಭಾಷೆಗಳಲ್ಲಿ ಒಂದೇ. ಕಟ್ಟಡಕ್ಕೆ ಪಾಲಿಕೆ ಕೊಡುವ ಅನುಮತಿ, ಗುತ್ತಿಗೆದಾರನ ನೋಂದಣಿ, ವೃತ್ತಿಯ ಲೈಸೆನ್ಸು ಈ ಮೂರನ್ನೂ ಮಾತಿನಲ್ಲಿ ಒಂದೇ ಮಾಡಿಬಿಡುವುದರಿಂದ, ಯಾವುದನ್ನು ಯಾರು ರದ್ದುಪಡಿಸಬಲ್ಲರು ಎಂಬ ಪ್ರಶ್ನೆ ಆರಂಭದಲ್ಲೇ ಮಸುಕಾಗುತ್ತದೆ.

ಸಾಮಗ್ರಿಯ ಬಾಕಿಯನ್ನು ನೇರವಾಗಿ ಲೈಸೆನ್ಸಿಗೆ ಕಟ್ಟಿರುವ ಕಾನೂನಿಗೆ ಸ್ಪಷ್ಟವಾದ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿದೆ. ಅಲ್ಲಿ ಗುತ್ತಿಗೆದಾರರಿಗೆ ಲೈಸೆನ್ಸು ಕೊಡುವ ರಾಜ್ಯಮಂಡಳಿ 1929ರಿಂದಲೂ ಇದೆ. ವ್ಯವಹಾರ ಮತ್ತು ವೃತ್ತಿಗಳ ಸಂಹಿತೆಯ 7120ನೇ ಕಲಮಿನ ಪ್ರಕಾರ, ತನ್ನ ಕೆಲಸಕ್ಕಾಗಿ ತರಿಸಿಕೊಂಡ ಸಾಮಗ್ರಿಯ ಅಥವಾ ಪಡೆದ ಸೇವೆಯ ಹಣವನ್ನು ಗುತ್ತಿಗೆದಾರ ಉದ್ದೇಶಪೂರ್ವಕವಾಗಿ ಕೊಡದಿರುವುದು ಶಿಸ್ತುಕ್ರಮಕ್ಕೆ ಕಾರಣವಾಗುತ್ತದೆ. ಆದರೆ ಅದಕ್ಕೆ ಷರತ್ತಿದೆ: ಕೊಡುವ ಶಕ್ತಿ ಅವನಿಗೆ ಇದ್ದಿರಬೇಕು, ಇಲ್ಲವೇ ಅದೇ ಕೆಲಸದ ಬಾಬ್ತು ಸಾಕಷ್ಟು ಹಣ ಅವನ ಕೈಗೆ ಬಂದಿರಬೇಕು. ಇದಲ್ಲದೆ, ಬಾಕಿಯ ಮೊತ್ತದಲ್ಲಿ ಕಡಿತ ಗಿಟ್ಟಿಸಲೆಂದೋ ಪೂರೈಕೆದಾರನನ್ನು ಸತಾಯಿಸಲೆಂದೋ ಬಾಕಿಯೇ ಇಲ್ಲವೆಂದು ಸುಳ್ಳಾಡುವುದೂ ಅಲ್ಲಿ ತಪ್ಪೇ. ಕಟ್ಟಡ ಕೆಲಸಕ್ಕೆ ಸಂಬಂಧಿಸಿದ ಅಂತಿಮ ತೀರ್ಪಿನ ಹಣವನ್ನು ಸಲ್ಲಿಸದವನ ಲೈಸೆನ್ಸು, ಅದು ತೀರುವವರೆಗೆ ಅಮಾನತಿನಲ್ಲಿರುವಂತೆ ಇನ್ನೊಂದು ಕಲಮಿದೆ.

7120ನೇ ಕಲಮಿನ ತಿರುಳು ಇರುವುದು 'ಉದ್ದೇಶಪೂರ್ವಕ' ಎಂಬಲ್ಲಿ. ಮಾಲೀಕನೇ ಬಿಲ್ಲು ತಡೆಹಿಡಿದು ಗುತ್ತಿಗೆದಾರ ಬರಿಗೈಯಲ್ಲಿ ನಿಂತಿದ್ದರೆ ಅವನು ಸಾಲಗಾರ, ಅಷ್ಟೇ. ನಾಲ್ಕನೇ ಮಹಡಿಯ ಸ್ಲ್ಯಾಬಿನ ಬಿಲ್ಲು ಪಾಸಾಗಿ, ಹಣ ಖಾತೆಗೆ ಜಮೆಯಾಗಿ, ಆ ಸ್ಲ್ಯಾಬಿಗೆ ಬಿದ್ದ ಖಡಿಯ ಹಣ ಕೊಡದೆ ಅದನ್ನು ಇನ್ನೊಂದು ಸೈಟಿನ ಮುಂಗಡಕ್ಕೆ ತಿರುಗಿಸಿದವನ ನಡತೆ ಬೇರೆ. "ನಿಮ್ಮ ಖಡಿಯಲ್ಲಿ ಧೂಳು ಹೆಚ್ಚಿತ್ತು, ಅರ್ಧಕ್ಕೆ ಚುಕ್ತಾ ಮಾಡಿ" ಎಂದು, ಸುರಿದ ದಿನ ಬಾಯಿಬಿಡದೆ ಎಂಟು ತಿಂಗಳ ಬಳಿಕ ಹೇಳುವವನ ನಡತೆಯೂ ಬೇರೆ. ಈ ಎರಡು ಬಗೆಯವರನ್ನು ಮೊದಲಿನವನಿಂದ ಬೇರ್ಪಡಿಸಿ ಹೆಸರಿಟ್ಟಿರುವುದರಿಂದಲೇ ಆ ಕಲಮು ನನಗೆ ನ್ಯಾಯವಾಗಿ ಕಾಣುತ್ತದೆ.

ನಮ್ಮಲ್ಲಿ ಸ್ಥಿತಿ ಹೀಗಿಲ್ಲ. ಮಹಾರಾಷ್ಟ್ರದಲ್ಲಿ ಖಾಸಗಿ ಕಟ್ಟಡ ಕಟ್ಟುವ ಸಾಮಾನ್ಯ ಗುತ್ತಿಗೆದಾರನಿಗೆ ಕ್ಯಾಲಿಫೋರ್ನಿಯಾದ ಮಾದರಿಯ ರಾಜ್ಯಮಟ್ಟದ ವೃತ್ತಿ ಲೈಸೆನ್ಸು ಇಲ್ಲ. ಇಲ್ಲದ ಲೈಸೆನ್ಸನ್ನು ರದ್ದುಪಡಿಸುವುದೂ ಸಾಧ್ಯವಿಲ್ಲ. ವಿದ್ಯುತ್ ಗುತ್ತಿಗೆದಾರನಿಗೆ ಲೈಸೆನ್ಸು ಉಂಟು, ಅದರ ಕಾಳಜಿ ಸುರಕ್ಷತೆ. ಮಹಾರೇರಾದಲ್ಲಿ, ಅಂದರೆ ಮಹಾರಾಷ್ಟ್ರದ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗುವುದು ವಸತಿ ಯೋಜನೆ ಮತ್ತು ಅದರ ಪ್ರವರ್ತಕ (ಬಿಲ್ಡರ್); ಖರೀದಿದಾರರಿಂದ ಬಂದ ಹಣದಲ್ಲಿ ಶೇಕಡಾ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಜಮೀನು ಮತ್ತು ನಿರ್ಮಾಣದ ವೆಚ್ಚಕ್ಕೇ ಬಳಸಬೇಕೆಂಬ ನಿಯಮ ಮನೆ ಕೊಳ್ಳುವವನ ರಕ್ಷಣೆಗೆ ಹುಟ್ಟಿದ್ದು. ಲೋಕೋಪಯೋಗಿ ಇಲಾಖೆ ಮತ್ತು ಮುಂಬಯಿ ಮಹಾನಗರಪಾಲಿಕೆಯಂಥ ಸಂಸ್ಥೆಗಳು ಗುತ್ತಿಗೆದಾರರನ್ನು ವರ್ಗವಾರು ನೋಂದಾಯಿಸಿಕೊಳ್ಳುತ್ತವೆ, ನಿಜ. ಆದರೆ ಅದು ಅವುಗಳ ಟೆಂಡರಿಗೆ ಅರ್ಹತೆ ಮಾತ್ರ. ಗುತ್ತಿಗೆದಾರನೂ ಪೂರೈಕೆದಾರನೂ ಮಾಡಿಕೊಂಡ ಒಪ್ಪಂದಕ್ಕೆ ಇಲಾಖೆ ಹೊರಗಿನದು. ರೇತಿಗೆ ಸರ್ಕಾರಕ್ಕೆ ಸಲ್ಲಿಸುವ ರಾಯಲ್ಟಿ ಶುಲ್ಕದ ರಸೀದಿ ಹಾಜರಾಗದಿದ್ದರೆ ಆ ಮೊತ್ತವನ್ನು ಗುತ್ತಿಗೆದಾರನ ಬಿಲ್ಲಿನಿಂದ ಮುರಿದುಕೊಳ್ಳುವ ಇಲಾಖೆ, ಅದೇ ರೇತಿಯ ಬೆಲೆ ಸಂದಿದೆಯೇ ಎಂದು ಕೇಳುವುದಿಲ್ಲ. ಕೂಲಿಯ ವಿಷಯದಲ್ಲಿ ಹೀಗಲ್ಲ: ಗುತ್ತಿಗೆದಾರ ಕೊಡದ ಕೂಲಿಯನ್ನು ಮುಖ್ಯ ಮಾಲೀಕನೇ ಕೊಡಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದ ಬಂದ ನಿಯಮ. ಸಾಮಗ್ರಿಯವನಿಗೆ ಅಂಥ ಆಸರೆ ಇಲ್ಲದಿರುವುದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ಶಿಸ್ತುಕ್ರಮಕ್ಕೆ ನಮ್ಮಲ್ಲಿ ಹತ್ತಿರದ ಪದ 'ಕಪ್ಪುಪಟ್ಟಿ', ಮರಾಠಿಯ 'ಕಾಳಿ ಯಾದಿ'. ಕಳಪೆ ಕೆಲಸ, ಸುಳ್ಳು ದಾಖಲೆ, ಅರ್ಧಕ್ಕೆ ಬಿಟ್ಟ ಕಾಮಗಾರಿ ಮುಂತಾದ ಕಾರಣಗಳಿಗೆ ಸರ್ಕಾರಿ ಸಂಸ್ಥೆ ಗುತ್ತಿಗೆದಾರನನ್ನು ಅದರಲ್ಲಿ ಸೇರಿಸಬಹುದು, ಆದರೆ ಮನಬಂದಂತೆ ಅಲ್ಲ. ಪಟ್ಟಿಗೆ ಸೇರಿಸುವ ಮುನ್ನ ಆತನ ಮಾತು ಕೇಳಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ಎರೂಸಿಯನ್ ಎಕ್ವಿಪ್‌ಮೆಂಟ್ ಪ್ರಕರಣದಲ್ಲಿ ಹೇಳಿತು. 2013ರ ಕುಲ್ಜಾ ಇಂಡಸ್ಟ್ರೀಸ್ ತೀರ್ಪು ನಿಷೇಧ ಶಾಶ್ವತವಾಗಿರಲಾಗದು, ತಪ್ಪಿಗೆ ತಕ್ಕಷ್ಟೇ ಇರಬೇಕೆಂದಿತು. 2014ರ ಗೋರ್ಖಾ ಸೆಕ್ಯುರಿಟಿ ತೀರ್ಪಿನ ಪ್ರಕಾರ, ಕಪ್ಪುಪಟ್ಟಿಗೆ ಸೇರಿಸುವ ಆಲೋಚನೆ ಕಾರಣ ಕೇಳುವ ನೋಟಿಸಿನಲ್ಲೇ ತಿಳಿಯುವಂತಿರಬೇಕು. ಒಬ್ಬನ ಅನ್ನದ ದಾರಿಯನ್ನು ಮುಚ್ಚುವಾಗ ಇಷ್ಟು ಎಚ್ಚರ ಸರಿಯೇ. ಅರ್ಜಿ ಕೊಟ್ಟ ಮರುವಾರವೇ ಆದೇಶ ಬರಲಿಲ್ಲವೆಂದು ಕೊರಗುವ ವ್ಯಾಪಾರಿ ಇದನ್ನು ತಿಳಿದಿರಬೇಕು.

ಯಾವ ದಾರಿ ಹಿಡಿದರೂ ಮೊದಲು ಬೇಕಾಗುವುದು ಚಲನ್, ಅಂದರೆ ಮಾಲು ಮುಟ್ಟಿಸಿದ್ದಕ್ಕೆ ಸಹಿ ಪಡೆಯುವ ಚೀಟಿ. ನಮ್ಮ ಅಂಗಡಿಯ ಚಲನ್ ಪುಸ್ತಕದಲ್ಲಿ ಬಿಳಿ, ಗುಲಾಬಿ, ಹಳದಿ ಮೂರು ಪ್ರತಿಗಳಿವೆ. ಗಾಡಿಯ ನಂಬರು, ಬ್ರಾಸಿನ ಲೆಕ್ಕ (ನೂರು ಘನ ಅಡಿಗೆ ಒಂದು ಬ್ರಾಸ್), ಸೈಟಿನ ಹೆಸರು, ಕೆಳಗೆ 'ಮಾಲು ಮುಟ್ಟಿದೆ' ಎಂಬುದರ ಮುಂದೆ ಸಹಿ. ರಾತ್ರಿ ಗಾಡಿ ಬಂದಾಗ ಸೂಪರ್‌ವೈಸರ್ ಇರುವುದಿಲ್ಲ. ವಾಚ್‌ಮನ್ ಹೆಬ್ಬೆಟ್ಟೊತ್ತುತ್ತಾನೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಒಂದು ಬಾಕಿಯ ಕಡತದಲ್ಲಿ ನಾನು ಎಣಿಸಿದ 31 ಚಲನ್‌ಗಳಲ್ಲಿ 9ಕ್ಕೆ ಸಹಿ ಇರಲಿಲ್ಲ. ಗುತ್ತಿಗೆದಾರ ತಕರಾರು ತೆಗೆದದ್ದು ಆ 9ರ ಮೇಲೆಯೇ. ಸುರಿದ ರೇತಿಯನ್ನು ತುಂಬಿಕೊಂಡು ಬರುವಂತೆಯೂ ಇಲ್ಲ: 1930ರ ಸರಕು ಮಾರಾಟ ಕಾಯ್ದೆಯಲ್ಲಿ ಹಣ ಮುಟ್ಟದ ಮಾರಾಟಗಾರನಿಗಿರುವ ತಡೆಹಿಡಿಯುವ ಹಕ್ಕು, ಮಾಲು ಖರೀದಿದಾರನ ವಶವಾದೊಡನೆ ಮುಗಿಯುತ್ತದೆ.

ಹಣಕ್ಕಾಗಿಯೇ ಇರುವ ಕಾನೂನು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು, ಒಪ್ಪಂದ ಏನೇ ಇದ್ದರೂ, 45 ದಿನಗಳೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೂರು ಹೋಗುವುದು ಇಂಥ ಬಾಕಿಗಳ ವಿವಾದಕ್ಕೆಂದೇ ಆ ಕಾಯ್ದೆಯಡಿ ಇರುವ ಸೌಲಭ್ಯ ಮಂಡಳಿಗೆ. ಜೊತೆಗೆ ಜಿಎಸ್‌ಟಿಯ ನಿಯಮವೊಂದು ನೆರವಿಗಿದೆ: ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಪೂರೈಕೆದಾರನಿಗೆ ಹಣ ಕೊಡದ ಗುತ್ತಿಗೆದಾರ, ಆ ಬಿಲ್ಲಿನ ಮೇಲೆ ಪಡೆದ ತೆರಿಗೆ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಬಡ್ಡಿಸಹಿತ ಹಿಂದಿರುಗಿಸಬೇಕು. ಬಾಕಿಯ ನೋಟಿಸಿನಲ್ಲಿ ಈ ಸಾಲನ್ನು ಸೇರಿಸುವುದನ್ನು ನಾನು ಬಿಡುವುದಿಲ್ಲ.

2006ರ ಕಾಯ್ದೆಯಲ್ಲೂ ಒಂದು ತಡೆ ಇದೆ. 2021ರ ಜುಲೈಯಲ್ಲಿ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯ, ಅಂದರೆ ಈ ಬಗೆಯ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ನೋಂದಣಿಯ, ಬಾಗಿಲು ಮತ್ತೆ ತೆರೆದಾಗ, ಆದ್ಯತಾ ವಲಯದ ಬ್ಯಾಂಕ್ ಸಾಲದ ಪ್ರಯೋಜನವನ್ನಷ್ಟೇ ಕೊಡಲಾಯಿತು. ಹೀಗಾಗಿ ತನ್ನದೇ ಕ್ರಷರಿನಲ್ಲಿ ಖಡಿ ಒಡೆದು ಮಾರುವವನು 45 ದಿನಗಳ ಹಕ್ಕನ್ನು ಕೇಳಬಲ್ಲ. ಅವನಿಂದಲೇ ಖಡಿ ಕೊಂಡು ಅದೇ ಸೈಟಿಗೆ ಸುರಿಯುವ ನಮ್ಮ ಅಂಗಡಿಯವರು ಕೇಳಲಾರರು. ಅವರ ಉದ್ಯಮ್ ಪ್ರಮಾಣಪತ್ರದಲ್ಲಿ ಚಟುವಟಿಕೆಯ ಮುಂದೆ 'ವ್ಯಾಪಾರ' ಎಂದಿದೆ. ಅವರಿಗೆ ಉಳಿದಿರುವುದು ವಸೂಲಿಯ ದಾವೆ ಮತ್ತು ಸಹಿ ಇರುವ 22 ಚಲನ್‌ಗಳು.