ಹುಡುಗ ಚೆನ್ನಾಗಿದ್ದಾನೆ ಅಂತ ಮಾತ್ರೆ ನಿಲ್ಲಿಸಬೇಡಿ

ಕಳೆದ ತಿಂಗಳು ಒಬ್ಬ ತಾಯಿ ಲಾಡು ತಗೊಂಡು ಬಂದಿದ್ದರು. ಮಗನ ಮದುವೆ ಗೊತ್ತಾಗಿತ್ತು. ಎರಡು ವರ್ಷದ ಹಿಂದೆ ಇದೇ ಮಗ ನೋವಿನ ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕರಗಿಸಿ, ಕೈಗೆ ಚುಚ್ಚಿಕೊಳ್ಳುತ್ತಿದ್ದ. ಚಟ ಬಿಡಿಸುವ ಮಾತ್ರೆ ಶುರು ಮಾಡಿದ ಮೇಲೆ ಈಗ ಕೆಲಸಕ್ಕೆ ಹೋಗುತ್ತಾನೆ, ಮೈ ತುಂಬಿಕೊಂಡಿದ್ದಾನೆ. ನನಗೂ ಖುಷಿಯಾಯಿತು. ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು: "ಡಾಕ್ಟ್ರೇ, ಹೋದ ವಾರದಿಂದ ಮಾತ್ರೆ ನಿಲ್ಲಿಸಿದ್ದೀವಿ. ಈಗ ಚೆನ್ನಾಗಿದ್ದಾನಲ್ಲ. ಹುಡುಗಿ ಮನೆಯವರು ನೋಡಿದರೆ ಏನಂದುಕೊಳ್ತಾರೆ?"

ಮತ್ತೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದೆ. ಆ ಅರ್ಧ ಗಂಟೆಯ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇದು ಒಬ್ಬ ತಾಯಿಯ ಕಥೆ ಅಲ್ಲ. ಮದುವೆ, ಹೊಸ ಕೆಲಸ, ಶಬರಿಮಲೆಗೆ ಮಾಲೆ ಹಾಕುವುದು, ಊರಿಂದ ಬಂದ ಚಿಕ್ಕಪ್ಪನ ಸಲಹೆ, ಹೀಗೆ ಏನಾದರೂ ಒಂದು ನೆಪ ಬರುತ್ತದೆ. ಮಾತ್ರೆ ನಿಲ್ಲುತ್ತದೆ.

ನಾನು ಹೇಳುತ್ತಿರುವುದು ಬ್ಯೂಪ್ರೆನಾರ್ಫಿನ್ ಬಗ್ಗೆ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಬ್ರೌನ್ ಶುಗರ್, ಅಫೀಮು, ಟಪೆಂಟಡಾಲ್‌ನಂಥ ನೋವಿನ ಮಾತ್ರೆ, ಅಂದರೆ ಓಪಿಯಾಯ್ಡ್ ಗುಂಪಿನ ಚಟಕ್ಕೆ ಕೊಡುವ ಔಷಧ. ಕುಡಿತಕ್ಕೆ, ಗಾಂಜಾಕ್ಕೆ ಇದು ಅಲ್ಲ. ಇದು ಎಲ್ಲೋ ಪಂಜಾಬಿನ ಸಮಸ್ಯೆ ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಾರೆ ಎಂಬುದು ಅದರ ಲೆಕ್ಕ. ಬೆಂಗಳೂರಿನಲ್ಲಿ ನೋವಿನ ಮಾತ್ರೆ ಚುಚ್ಚಿಕೊಳ್ಳುವ ಹುಡುಗರನ್ನು ನಾವು ನೋಡುತ್ತಲೇ ಇದ್ದೇವೆ.

ಮನೆಯವರು ಹೇಳುವುದು ಒಂದೇ ಮಾತು. "ಒಂದು ಚಟ ಬಿಡಿಸೋಕೆ ಇನ್ನೊಂದು ಚಟ ಅಂಟಿಸ್ತೀರಲ್ಲ?" ಅಲ್ಲ. ಬಸ್ಸಿನ ಸೀಟಿಗೆ ಟವಲ್ ಹಾಕುತ್ತೇವಲ್ಲ, ಹಾಗೆ ಇದು. ಮಿದುಳಿನಲ್ಲಿ ಆ ಡ್ರಗ್ಸ್ ಹೋಗಿ ಕೂರುವ ಜಾಗಗಳಿವೆ. ಈ ಮಾತ್ರೆ ಮೊದಲೇ ಹೋಗಿ ಅಲ್ಲಿ ಟವಲ್ ಹಾಕಿರುತ್ತದೆ. ಹುಡುಗನಿಗೆ ಮೈಕೈ ನೋವು, ಬೇಧಿ, ನಿದ್ದೆ ಇಲ್ಲದ ಒದ್ದಾಟ ಬರುವುದಿಲ್ಲ. ಸರಿಯಾದ ಡೋಸಿನಲ್ಲಿ ನಶೆಯೂ ಏರುವುದಿಲ್ಲ. ಅಕಸ್ಮಾತ್ ಎಡವಿ ಬ್ರೌನ್ ಶುಗರ್ ತಗೊಂಡರೂ ಅದಕ್ಕೆ ಸುಲಭಕ್ಕೆ ಸೀಟು ಸಿಗುವುದಿಲ್ಲ.

ಟವಲ್ ತೆಗೆದರೆ ಏನಾಗುತ್ತದೆ? ಮನೆಯವರಿಗೆ ಗೊತ್ತಿಲ್ಲದೇ ಇರುವುದು ಇದೇ. ಚಟ ಮರಳಿ ಬರಬಹುದು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಬಂದಾಗ ಅದು ಮೊದಲಿಗಿಂತ ಜಾಸ್ತಿ ಅಪಾಯ ಎಂದು ಗೊತ್ತಿಲ್ಲ.

ಬರಿಗಾಲಲ್ಲೇ ಓಡಾಡುವವರ ಅಂಗಾಲು ಗಟ್ಟಿಯಾಗಿರುತ್ತದೆ. ಬಿಸಿಲಿಗೆ ಕಾದ ಟಾರು ರಸ್ತೆಯನ್ನೂ ದಾಟುತ್ತಾರೆ. ಮೂರು ತಿಂಗಳು ಚಪ್ಪಲಿ ಹಾಕಿಸಿ, ಆಮೇಲೆ ಅದೇ ರಸ್ತೆಗೆ ಬರಿಗಾಲಲ್ಲಿ ಬಿಡಿ. ಬೊಬ್ಬೆ ಏಳುತ್ತದೆ. ರಸ್ತೆ ಅದೇ, ಕಾಲು ಬದಲಾಗಿದೆ. ದಿನಾ ಡ್ರಗ್ಸ್ ತಗೊಳ್ಳುವವನ ಮೈ ಕೂಡ ಹಾಗೆ ಗಟ್ಟಿಯಾಗಿರುತ್ತದೆ. ಬಿಟ್ಟ ಮೇಲೆ ಕೆಲವೇ ವಾರಗಳಲ್ಲಿ ಮೆತ್ತಗಾಗುತ್ತದೆ. ಆದರೆ ಅವನ ತಲೆಯಲ್ಲಿ ಹಳೆಯ ಅಳತೆಯೇ ಇರುತ್ತದೆ. ಒಂದು ಸಂಜೆ ಹಳೆಯ ಗೆಳೆಯ ಸಿಗುತ್ತಾನೆ, ಹಳೆಯ ಅಳತೆಯಲ್ಲೇ ತಗೊಳ್ಳುತ್ತಾನೆ. ಉಸಿರು ನಿಧಾನವಾಗುತ್ತದೆ. ಆಮೇಲೆ ನಿಂತೇ ಹೋಗಬಹುದು. ಮೇಲೆ ಕುಡಿತವೋ ನಿದ್ದೆ ಮಾತ್ರೆಯೋ ಸೇರಿದರಂತೂ ಕೇಳಲೇಬೇಡಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಬಂದವರ ಬಗ್ಗೆ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು ಇತ್ತು. ಒಳಗೆ ಇದ್ದಾಗ ಮೈ ಮೆತ್ತಗಾಗಿದ್ದು ಇದಕ್ಕೆ ಒಂದು ದೊಡ್ಡ ಕಾರಣ. ನಮ್ಮಲ್ಲಿ ಮೂರು ತಿಂಗಳು ಚಟ ಬಿಡಿಸುವ ಸೆಂಟರ್‌ನಲ್ಲಿ ಕೂಡಿಹಾಕಿ, ಯಾವ ಔಷಧವೂ ಇಲ್ಲದೆ "ಕ್ಲೀನ್ ಆಗಿದ್ದಾನೆ" ಎಂದು ಮನೆಗೆ ಕಳಿಸುತ್ತಾರಲ್ಲ, ಆ ದಿನಗಳ ಬಗ್ಗೆ ನನಗೆ ಅದಕ್ಕೇ ಭಯ. ಇನ್ನು ಫ್ರಾನ್ಸ್‌ನಲ್ಲಿ 1990ರ ದಶಕದ ನಡುವೆ ಸಾಮಾನ್ಯ ವೈದ್ಯರೂ ಈ ಮಾತ್ರೆ ಬರೆಯಲು ಶುರು ಮಾಡಿದರು. 1995ರಿಂದ 1999ರ ಹೊತ್ತಿಗೆ ಅಲ್ಲಿ ಓವರ್‌ಡೋಸ್ ಸಾವುಗಳು ಐದರಲ್ಲಿ ಸುಮಾರು ನಾಲ್ಕು ಪಾಲು ಇಳಿದವು. ಮಾತ್ರೆ ಒಂದೇ ಕಾರಣ ಎಂದು ಹೇಳಲಾರೆ. ಆದರೆ ದೊಡ್ಡ ಕಾರಣ.

ಆ ತಾಯಿಗೆ ಒಂದು ಪ್ರಶ್ನೆ ಕೇಳಿದೆ. "ಅಮ್ಮಾ, ನಿಮ್ಮ ಶುಗರ್ ಎಷ್ಟಿದೆ?" "ಕಂಟ್ರೋಲ್‌ನಲ್ಲಿದೆ ಡಾಕ್ಟ್ರೇ." "ಹಾಗಾದರೆ ಮಾತ್ರೆ ನಿಲ್ಲಿಸಿದ್ದೀರಾ?" ಅವರು ತಲೆ ತಗ್ಗಿಸಿದರು. ಗದರಿದಂತಾಯಿತೇನೋ ಅನ್ನಿಸಿ ನನಗೆ ಬೇಜಾರಾಯಿತು. ಮಗನ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಮಾಡಿದ್ದು.

ಹಾಗಂತ ಜೀವನಪೂರ್ತಿ ತಗೊಳ್ಳಬೇಕಾ? ಕೆಲವರಿಗೆ ಹಲವು ವರ್ಷ ಬೇಕಾಗುತ್ತದೆ. ಕೆಲವರಿಗೆ ಡೋಸ್ ನಿಧಾನಕ್ಕೆ ಇಳಿಸಿ ನಿಲ್ಲಿಸಬಹುದು. ಅದನ್ನು ಅವನನ್ನು ನೋಡುತ್ತಿರುವ ವೈದ್ಯರು, ಅವನ ಜೊತೆ ಕೂತು, ತಿಂಗಳುಗಟ್ಟಲೆ ನೋಡಿ ತೀರ್ಮಾನಿಸಬೇಕು. ಛತ್ರ ಬುಕ್ ಆದ ದಿನ ನೋಡಿ ಅಲ್ಲ. ಹುಡುಗಿಗೆ ವಿಷಯ ಹೇಳಿಯೇ ಮದುವೆ ಮಾಡಿ ಎಂದೂ ಅವರಿಗೆ ಹೇಳಿದೆ. ರಾತ್ರಿ ಅವನ ಉಸಿರು ಕೇಳಿಸುವುದು ಅವಳಿಗೆ ತಾನೇ.

ಉಸಿರಿನ ವಿಷಯವನ್ನು ಮನೆಯ ಎಲ್ಲರೂ ತಿಳಿದಿರಬೇಕು. ಎಬ್ಬಿಸಿದರೂ ಏಳುತ್ತಿಲ್ಲ, ಗೊರಗೊರ ಸದ್ದು, ತುಟಿ ನೀಲಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣ. ಇದು ಗಾಢ ನಿದ್ದೆ ಅಲ್ಲ. "ಮಲಗಲಿ ಬಿಡು" ಎಂದು ಕದ ಮುಚ್ಚಿಕೊಂಡು ಹೋದ ಮನೆಗಳನ್ನು ನಾನು ನೋಡಿದ್ದೇನೆ. ನಿಂಬೆಹಣ್ಣಿನ ರಸ, ಮಜ್ಜಿಗೆ ಏನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ. ಉಸಿರೇ ಇಲ್ಲದಿದ್ದರೆ ಫೋನಿನಲ್ಲಿ ಅವರು ಹೇಳಿಕೊಟ್ಟಂತೆ ಮಾಡಿ. ಒಬ್ಬನೇ ಬಿಟ್ಟು ಹೋಗಬೇಡಿ.

ಆಸ್ಪತ್ರೆಯಲ್ಲಿ ಏನು ತಗೊಂಡಿದ್ದಾನೆ ಎಂದು ನಿಜ ಹೇಳಿ. ನಲಾಕ್ಸೋನ್ ಎಂಬ ಇಂಜೆಕ್ಷನ್ ಇದೆ. ಕೆಲವೇ ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಆದರೆ ಅದರ ಪರಿಣಾಮ ಡ್ರಗ್ಸ್‌ಗಿಂತ ಬೇಗ ಇಳಿಯಬಹುದು. ಹಾಗಾಗಿ ಎದ್ದು ಕೂತ ಎಂದು ಕೂಡಲೇ ಮನೆಗೆ ಕರೆದುಕೊಂಡು ಹೋಗಬೇಡಿ. ಜೊತೆಯಲ್ಲಿ ಇರುವವರ ಕೈಗೂ ಈ ಔಷಧ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಅಮೆರಿಕದಲ್ಲಿ ಮೂಗಿಗೆ ಹಾಕುವ ಸ್ಪ್ರೇ ಚೀಟಿ ಇಲ್ಲದೆಯೇ ಸಿಗಲು 2023ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಹುಡುಗರ ಮನೆಗಳಲ್ಲೂ ಇದು ಇರಬೇಕು ಎಂದು ನನಗೆ ತುಂಬಾ ಆಸೆ.

ನೀವು ಈಗಾಗಲೇ ಮಾತ್ರೆ ನಿಲ್ಲಿಸಿದ್ದರೆ, ಗಾಬರಿಯಾಗಿ ಇವತ್ತೇ ಹಳೆಯ ಡೋಸ್ ಕೊಡಬೇಡಿ. ನಡುವೆ ಅವನು ಬೇರೆ ಏನಾದರೂ ತಗೊಂಡಿದ್ದರೆ ಈ ಮಾತ್ರೆಯೇ ಒದ್ದಾಟ ತರಿಸಬಹುದು. ಎಷ್ಟರಿಂದ ಶುರು ಮಾಡಬೇಕು ಎಂದು ನೋಡಿಯೇ ಹೇಳಬೇಕು. ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವನನ್ನು ಕರೆದುಕೊಂಡು ಬನ್ನಿ. ಹತ್ತಿರ ವೈದ್ಯರು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆ ತಾಯಿ ಮರುದಿನ ಬೆಳಿಗ್ಗೆಯೇ ಮಗನ ಜೊತೆ ಬಂದರು. ಅವನು ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ, ಅಮ್ಮನಿಗೆ ಹೇಳಿರಲಿಲ್ಲ.